ಮಾರ್ದನಿಯ ಬೆನ್ನು ಹತ್ತಿದವರು

ಹಡಗಿನ ಎಂಜಿನ್ ಕೋಣೆ, ಗಣಿ, ಉಕ್ಕಿನ ಕಾರ್ಖಾನೆಯ ಶೆಡ್ಡು, ಸೇನೆಯ ವಾಹನ. ಇಂಥ ಕಡೆ ಬಳಸುವ ಲ್ಯಾಪ್‌ಟಾಪ್‌ಗಳ ಜಾತಿಯೇ ಬೇರೆ. ಎತ್ತಿಕೊಂಡರೆ ಕೈಗೆ ಭಾರ. ಮೂಲೆಗಳಿಗೆ ರಬ್ಬರು, ಪ್ರತಿ ಕಿಂಡಿಗೂ ಮುಚ್ಚಳ, ಮುಚ್ಚಳದ ಅಂಚಿಗೆ ನೀರು ತಡೆಯುವ ಪಟ್ಟಿ. ಮೈಯೆಲ್ಲ ಮೆಗ್ನೀಸಿಯಂ ಮಿಶ್ರಲೋಹ. ಜಪಾನಿನ ಪ್ಯಾನಾಸೋನಿಕ್ ಕಂಪನಿ 1996ರಲ್ಲಿ ಟಫ್‌ಬುಕ್ ಎಂಬ ಹೆಸರಿನಲ್ಲಿ ಇಂಥ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಪೊಲೀಸರು, ವಿದ್ಯುತ್ ಕಂಪನಿಗಳ ಲೈನ್‌ಮನ್‌ಗಳು, ಸೈನಿಕರು ಅದನ್ನು ಬಳಸತೊಡಗಿದರು. ಎತ್ತರದಿಂದ ಬೀಳಿಸಿ, ದೂಳೆರಚಿ, ನೀರು ಸುರಿದು, ಗಡಗಡ ಕುಲುಕಿ ಪರೀಕ್ಷಿಸುವ ಅಮೆರಿಕ ಸೇನೆಯ 'ಮಿಲ್ ಸ್ಟ್ಯಾಂಡರ್ಡ್ 810' ಎಂಬ ಮಾನದಂಡವೇ ಈ ಯಂತ್ರಗಳಿಗೆ ಒರೆಗಲ್ಲು.

ಯಂತ್ರವನ್ನು ಕಾಯುವ ಆ ಲೋಹದ ಮೈ ರೇಡಿಯೋ ಅಲೆಯನ್ನು ಒಳಕ್ಕೂ ಬಿಡುವುದಿಲ್ಲ, ಹೊರಕ್ಕೂ ಬಿಡುವುದಿಲ್ಲ. ಯಂತ್ರ ಇರುವ ಜಾಗದಲ್ಲೂ ಲೋಹವೇ ಲೋಹ: ಉಕ್ಕಿನ ಗೋಡೆ, ತಗಡಿನ ಮಾಡು, ಕೊಳವೆ, ಬಾಯ್ಲರು. ಅಲೆ ಅವುಗಳಿಗೆಲ್ಲ ಬಡಿದು ಹತ್ತಾರು ದಿಕ್ಕಿಗೆ ಚೆದರುತ್ತದೆ. ಮೇಜಿನ ಮೇಲಿನ ಲ್ಯಾಪ್‌ಟಾಪ್‌ಗೆ ವೈಫೈ ಕೈಕೊಟ್ಟರೆ ಗೋಡೆಯಲ್ಲಿ ಕೇಬಲ್ ಇರುತ್ತದೆ. ಕ್ರೇನಿನ ಕೆಳಗೆ ನಿಂತ ಎಂಜಿನಿಯರನಿಗೆ ಆ ಅನುಕೂಲವಿಲ್ಲ. ನಿಸ್ತಂತು ಜಾಲ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕಿತ್ತೋ ಅವರ ಕೆಲಸದ ಜಾಗವೇ ಅದಕ್ಕೆ ಎಲ್ಲಕ್ಕಿಂತ ಪ್ರತಿಕೂಲವಾಗಿತ್ತು. ಇಂದು ಅದೇ ಉಕ್ಕಿನ ಕೋಣೆಯೊಳಗೆ ವೈಫೈ ಚೆನ್ನಾಗಿ ನಡೆಯುತ್ತಿದ್ದರೆ, ಪ್ರತಿಫಲಿಸಿ ಬರುವ ಅಲೆಗಳನ್ನು ಪೀಡೆಯೆಂದು ತಳ್ಳದೆ ಅವುಗಳ ಬೆನ್ನು ಹತ್ತಿದ ಕೆಲವರು ಅದಕ್ಕೆ ಕಾರಣ. ಒಬ್ಬರು ಆಕಾಶದಲ್ಲಿ ಸಿಡಿಯುವ ಕಪ್ಪುರಂಧ್ರಗಳನ್ನು ಹುಡುಕುತ್ತಿದ್ದವರು. ಇನ್ನೊಬ್ಬರು ಸಮುದ್ರದಾಳದಲ್ಲಿ ಶತ್ರುವಿನ ಸಬ್‌ಮರೀನನ್ನು ಹುಡುಕುತ್ತಿದ್ದವರು, ನಮ್ಮ ಬೆಂಗಳೂರಿನಲ್ಲೂ ಕೆಲವು ವರ್ಷ ದುಡಿದವರು.

ಮೊದಲು ವೈಫೈಗೆ ರೇಡಿಯೋ ತರಂಗಾಂತರಗಳಲ್ಲಿ ಜಾಗ ಸಿಕ್ಕ ಬಗೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ರೇಡಿಯೋ ತರಂಗಾಂತರಗಳೆಂದರೆ ಸರ್ಕಾರದ ಸ್ವತ್ತು. ಲೈಸೆನ್ಸ್ ಇಲ್ಲದೆ ಮುಟ್ಟುವಂತಿರಲಿಲ್ಲ. 1985ರ ಮೇ ತಿಂಗಳಲ್ಲಿ ಅಮೆರಿಕದ ಸಂಪರ್ಕ ಆಯೋಗ ಎಫ್‌ಸಿಸಿ ಮೂರು ಪಟ್ಟಿಗಳನ್ನು ಲೈಸೆನ್ಸಿಲ್ಲದ ಬಳಕೆಗೆ ತೆರೆಯಿತು. ಅದರ ಹಿಂದೆ ಬಿದ್ದು ಮಾಡಿಸಿದವರು ಆಯೋಗದ ಎಂಜಿನಿಯರ್ ಮೈಕೆಲ್ ಮಾರ್ಕಸ್. ಆ ಮೂರರಲ್ಲಿ ಒಂದು 2.4 ಗಿಗಾಹರ್ಟ್ಸ್ ಸುತ್ತಲಿನದು. ಮೈಕ್ರೋವೇವ್ ಒಲೆಗಳು ಸದ್ದು ಮಾಡುವ ಜಾಗವಾದ್ದರಿಂದ ಬೇರೆ ಯಾರಿಗೂ ಅಷ್ಟು ಬೇಡವಾಗಿತ್ತು. ಅಂಗಡಿಯ ಬಿಲ್ಲಿಂಗ್ ಯಂತ್ರ ಮಾಡುವ ಎನ್‌ಸಿಆರ್ ಕಂಪನಿಗೆ ಅದು ವರವಾಗಿ ಕಂಡಿತು. ಅಂಗಡಿಯೊಳಗೆ ಕೌಂಟರನ್ನು ಅತ್ತಿತ್ತ ಸರಿಸಿದಾಗಲೆಲ್ಲ ನೆಲ ಅಗೆದು ತಂತಿ ಎಳೆಯುವ ಕಷ್ಟ ತಪ್ಪಬೇಕೆಂದು ನೆದರ್‌ಲ್ಯಾಂಡ್ಸ್‌ನಲ್ಲಿದ್ದ ಅದರ ತಂಡ ನಿಸ್ತಂತು ಜಾಲ ಕಟ್ಟಲು ಹೊರಟಿತು. ಎಲ್ಲ ಕಂಪನಿಗಳ ಯಂತ್ರಗಳೂ ಒಂದೇ ಭಾಷೆ ಆಡಬೇಕಲ್ಲ? ಅದಕ್ಕಾಗಿ ಎಂಜಿನಿಯರುಗಳ ಸಂಸ್ಥೆಯಾದ ಐಟ್ರಿಪಲ್‌ಇಯಲ್ಲಿ 1990ರಲ್ಲಿ 802.11 ಎಂಬ ಸಮಿತಿ ಹುಟ್ಟಿತು. ಎನ್‌ಸಿಆರ್‌ನ ವಿಕ್ ಹೇಯ್ಸ್ ಹತ್ತು ವರ್ಷ ಅದರ ಅಧ್ಯಕ್ಷರಾಗಿದ್ದರು. ಜಗಳವಾಡುವ ಕಂಪನಿಗಳನ್ನು ಅಷ್ಟು ಕಾಲ ಒಂದೇ ಮೇಜಿನ ಸುತ್ತ ಕೂರಿಸಿಕೊಂಡಿದ್ದ ಅವರ ತಾಳ್ಮೆಗೆ ಸಲ್ಲಬೇಕಾದ ಮನ್ನಣೆ ಪೂರ್ತಿ ಸಂದಿಲ್ಲವೆಂದೇ ನನ್ನ ಭಾವನೆ. 1997ರಲ್ಲಿ, ಮುಂದೆ ವೈಫೈ ಎನಿಸಿಕೊಂಡ ಜಾಲದ ಮೊದಲ ಮಾನಕ ಹೊರಬಂತು. ವೇಗ, ಸೆಕೆಂಡಿಗೆ 2 ಮೆಗಾಬಿಟ್.

ಅದಕ್ಕಿಂತ ವೇಗವಾಗಿ ಓಡಿಸಲು ಹೋದಾಗ ಅಡ್ಡ ಬಂದದ್ದು ಮಾರ್ದನಿ.

ರೇಡಿಯೋ ಅಲೆ ಒಂದು ನ್ಯಾನೋಸೆಕೆಂಡಿಗೆ ಸುಮಾರು 30 ಸೆಂಟಿಮೀಟರ್ ಸಾಗುತ್ತದೆ. ಐದು ಮೀಟರ್ ದೂರದ ಆ್ಯಂಟೆನಾದಿಂದ ನೆಟ್ಟಗೆ ಬಂದ ಅಲೆಯೂ, ಆಚೆ ಗೋಡೆಗೆ ಬಡಿದು ಇಪ್ಪತ್ತು ಮೀಟರ್ ಸುತ್ತಿ ಬಂದ ಅದೇ ಅಲೆಯೂ 50 ನ್ಯಾನೋಸೆಕೆಂಡ್ ಹಿಂದುಮುಂದಾಗಿ ತಲುಪುತ್ತವೆ. ನಿಧಾನಗತಿಯ ಜಾಲದಲ್ಲಿ ಒಂದೊಂದು ಸಂಕೇತವೂ ಒಂದು ಮೈಕ್ರೋಸೆಕೆಂಡ್, ಅಂದರೆ ಸಾವಿರ ನ್ಯಾನೋಸೆಕೆಂಡ್ ಹೊತ್ತು ನಿಲ್ಲುತ್ತದೆ. 50 ಎಂಬುದು ಅದರಲ್ಲಿ ಲೆಕ್ಕಕ್ಕಿಲ್ಲ. ಸೆಕೆಂಡಿಗೆ 100 ಮೆಗಾಬಿಟ್ ಬೇಕೆಂದು ಬಿಟ್‌ಗಳನ್ನು ಒಂದರ ಹಿಂದೊಂದರಂತೆ ಕಳಿಸಿದರೆ ಒಂದು ಬಿಟ್‌ನ ಆಯಸ್ಸು 10 ನ್ಯಾನೋಸೆಕೆಂಡ್ ಮಾತ್ರ. ಆಗ ಮೊದಲನೆಯ ಬಿಟ್‌ನ ಮಾರ್ದನಿ ಆರನೆಯ ಬಿಟ್‌ನ ಮೇಲೆ ಬಂದು ಕೂರುತ್ತದೆ, ಎರಡನೆಯದರದ್ದು ಏಳನೆಯದರ ಮೇಲೆ. ಖಾಲಿ ಕಲ್ಯಾಣಮಂಟಪದಲ್ಲಿ ಮೈಕ್ ಹಿಡಿದು ಗಡಿಬಿಡಿಯಲ್ಲಿ ಮಾತಾಡಿದರೆ ಒಂದು ಪದವೂ ತಿಳಿಯದೆ ಎಲ್ಲ ಕಲಸಿಹೋಗುತ್ತದಲ್ಲ, ಹಾಗೆ. ಶಕ್ತಿ ಹೆಚ್ಚಿಸಿದರೆ ಮಾರ್ದನಿಯೂ ಅಷ್ಟೇ ಹೆಚ್ಚುತ್ತದೆ.

ಸಿಡ್ನಿಯ ಮಾರ್ಸ್‌ಫೀಲ್ಡ್‌ನಲ್ಲಿ ಆಸ್ಟ್ರೇಲಿಯಾ ಸರ್ಕಾರದ ವಿಜ್ಞಾನ ಸಂಸ್ಥೆ ಸಿಎಸ್‌ಐಆರ್‌ಒದ ರೇಡಿಯೋಭೌತ ವಿಭಾಗವಿತ್ತು. ಅಲ್ಲಿ ಜಾನ್ ಓಸುಲಿವನ್ ಎಂಬ ಎಂಜಿನಿಯರ್ ಇದ್ದರು. ಅವರ ಹಿಂದಿನ ಕತೆ ನನಗೆ ತುಂಬ ಪ್ರಿಯವಾದದ್ದು. 1974ರಲ್ಲಿ ಸ್ಟೀಫನ್ ಹಾಕಿಂಗ್ ಅವರು ಪುಟ್ಟ ಕಪ್ಪುರಂಧ್ರಗಳು ಆವಿಯಾಗುತ್ತ ಹೋಗಿ ಕೊನೆಗೆ ಸಿಡಿಯಬೇಕು ಎಂದು ಸೂಚಿಸಿದ್ದರು. ಸಿಡಿದರೆ ರೇಡಿಯೋ ಮಿಡಿತವೊಂದು ಹೊಮ್ಮಬಹುದು. ಆಗ ನೆದರ್‌ಲ್ಯಾಂಡ್ಸ್‌ನ ಡ್ವಿಂಗೆಲೂವಿನಲ್ಲಿದ್ದ ಓಸುಲಿವನ್, ಗೆಳೆಯರಾದ ರಾನ್ ಎಕರ್ಸ್ ಮತ್ತು ಪೀಟರ್ ಶೇವರ್ ಜೊತೆ ಸೇರಿ ಅದನ್ನು ಹುಡುಕಿದರು. ಮಿಡಿತ ಸಿಗಲಿಲ್ಲ. ಸಿಗಲಿಲ್ಲ ಎಂಬುದನ್ನೇ 1978ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು.

ಹುಡುಕಾಟದಲ್ಲಿ ಎದುರಾದ ತೊಡಕು ಇದು: ನಕ್ಷತ್ರಗಳ ನಡುವಿನ ತೆಳು ಅನಿಲವನ್ನು ಹಾದು ಬರುವಾಗ ಮಿಡಿತ ಹರಡಿಹೋಗುತ್ತದೆ. ಹೆಚ್ಚಿನ ಕಂಪನಾಂಕದ ಭಾಗ ಮೊದಲು ತಲುಪುತ್ತದೆ, ಕಡಿಮೆಯದು ಆಮೇಲೆ. ಹಾಗೆ ಹರಡಿದ್ದನ್ನು ಮತ್ತೆ ಒಟ್ಟುಗೂಡಿಸಬೇಕಾದರೆ ಸಿಗ್ನಲನ್ನು ಕಂಪನಾಂಕಗಳಾಗಿ ಬಿಡಿಸಿ, ಒಂದೊಂದನ್ನೂ ಬೇರೆಬೇರೆಯಾಗಿ ನೋಡಬೇಕು. ಅದಕ್ಕೆ ಫೂರಿಯೇ ರೂಪಾಂತರವೆಂಬ ಗಣಿತ ಬೇಕು. 1980ರ ದಶಕದಲ್ಲಿ ಸಿಎಸ್‌ಐಆರ್‌ಒ ಆ ಗಣಿತವನ್ನು ಅತಿ ವೇಗವಾಗಿ ಮಾಡುವ ಚಿಪ್ಪನ್ನೇ ರೂಪಿಸಿತ್ತು. ಅದರಲ್ಲೂ ಓಸುಲಿವನ್ ಕೈಯಿತ್ತು.

1990ರ ಸುಮಾರಿಗೆ, ಕಚೇರಿಯೊಳಗೆ ತಂತಿಯಷ್ಟೇ ವೇಗದ ನಿಸ್ತಂತು ಜಾಲ ಮಾಡಬಹುದೇ ಎಂಬ ಪ್ರಶ್ನೆಯನ್ನು ಅವರ ತಂಡ ಎತ್ತಿಕೊಂಡಿತು. ಟೆರಿ ಪರ್ಸಿವಲ್, ಡೈಟ್‌ಹೆಲ್ಮ್ ಆಸ್ಟ್ರಿ, ಗ್ರಹಾಂ ಡೇನಿಯಲ್ಸ್, ಜಾನ್ ಡೀನ್ ಜೊತೆಗಿದ್ದರು. ಕೋಣೆಯ ಮಾರ್ದನಿ ಸಿಗ್ನಲನ್ನು ಕಲಸುವುದೂ ಆಕಾಶದ ಅನಿಲ ಮಿಡಿತವನ್ನು ಹರಡುವುದೂ ಮೂಲದಲ್ಲಿ ಒಂದೇ ಬಗೆಯ ತೊಂದರೆ ಎಂಬುದು ಈ ರೇಡಿಯೋ ಖಗೋಳದ ಜನಕ್ಕೆ ಹೊಳೆಯಿತು. ಉಪಾಯ ಹೀಗೆ: ಒಂದೇ ಕಂಪನಾಂಕದಲ್ಲಿ ಬಿಟ್‌ಗಳನ್ನು ಗಡಿಬಿಡಿಯಿಂದ ತಳ್ಳುವ ಬದಲು, ಪಟ್ಟಿಯನ್ನು ಹತ್ತಾರು ಸಣ್ಣ ಕಂಪನಾಂಕಗಳಾಗಿ ಸೀಳಿ, ಒಂದೊಂದರ ಮೇಲೂ ನಿಧಾನವಾಗಿ ಬಿಟ್‌ಗಳನ್ನು ಹೊರಿಸುವುದು. ಒಂದೊಂದೂ ನಿಧಾನ, ಎಲ್ಲ ಸೇರಿದರೆ ವೇಗ. ಯಾವುದೋ ಒಂದೆರಡು ಕಂಪನಾಂಕಗಳು ಪ್ರತಿಫಲನದಿಂದ ಕಳೆದುಹೋದರೂ, ಮಾಹಿತಿಯನ್ನು ಮೊದಲೇ ಹಂಚಿ ಚದುರಿಸಿಟ್ಟು, ತಪ್ಪು ತಿದ್ದುವ ಸಂಕೇತವನ್ನೂ ಸೇರಿಸಿಟ್ಟರೆ ಉಳಿದವುಗಳಿಂದ ಪೂರ್ತಿ ಮರಳಿ ಪಡೆಯಬಹುದು. 1992ರ ನವೆಂಬರಿನಲ್ಲಿ ಆಸ್ಟ್ರೇಲಿಯಾದಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಅಮೆರಿಕದ ಪೇಟೆಂಟ್ 1996ರ ಜನವರಿಯಲ್ಲಿ ಸಿಕ್ಕಿತು.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ವೈಫೈಯನ್ನು ಕಂಡುಹಿಡಿದದ್ದು ಆಸ್ಟ್ರೇಲಿಯಾ ಎಂಬ ಹೇಳಿಕೆ ಅಲ್ಲಿನ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಅನೇಕ ಕಂಪನಾಂಕಗಳ ಮೇಲೆ ಹಂಚಿ ಕಳಿಸುವ ತತ್ವವನ್ನು ಬೆಲ್ ಲ್ಯಾಬ್ಸ್‌ನ ರಾಬರ್ಟ್ ಚಾಂಗ್ 1966ರಲ್ಲೇ ಬರೆದಿದ್ದರು. ಫೂರಿಯೇ ಗಣಿತದಿಂದ ಅದನ್ನು ಮಾಡಬಹುದೆಂದು ವೈನ್‌ಸ್ಟೀನ್ ಮತ್ತು ಎಬರ್ಟ್ 1971ರಲ್ಲಿ ತೋರಿಸಿದ್ದರು. ಸಿಡ್ನಿಯ ಐವರು ಮಾಡಿದ್ದು, ಕೋಣೆಯೊಳಗಿನ ಮಾರ್ದನಿಗೆ ಸರಿಹೊಂದುವಂತೆ ಈ ಬಿಡಿ ಅಂಗಗಳನ್ನು ಜೋಡಿಸಿದ್ದು. ಅದು ಸಣ್ಣ ಕೆಲಸವಲ್ಲ. 1999ರಲ್ಲಿ ಬಂದ 802.11ಎ ಮಾನಕ ಈ ದಾರಿಯನ್ನೇ ಹಿಡಿಯಿತು: 52 ಸಣ್ಣ ಕಂಪನಾಂಕಗಳು, ಒಂದೊಂದು ಸಂಕೇತಕ್ಕೆ 4 ಮೈಕ್ರೋಸೆಕೆಂಡ್, ಅದರಲ್ಲಿ ಮಾರ್ದನಿ ಅಡಗಲಿಕ್ಕೆಂದು ಬಿಟ್ಟುಕೊಟ್ಟ 0.8 ಮೈಕ್ರೋಸೆಕೆಂಡ್. ಅಷ್ಟು ಹೊತ್ತಿನಲ್ಲಿ ಅಲೆ 240 ಮೀಟರ್ ಸಾಗುತ್ತದೆ. ದೊಡ್ಡ ಕಾರ್ಖಾನೆಯ ಶೆಡ್ಡಿನಲ್ಲಿ ಸುತ್ತಿ ಬರುವ ಅಲೆಗೂ ಅದು ಸಾಕು. ವೇಗ 54 ಮೆಗಾಬಿಟ್‌ಗೆ ಏರಿತು. ಮುಂದೆ ಪೇಟೆಂಟಿನ ಮೇಲೆ ಅಮೆರಿಕದ ನ್ಯಾಯಾಲಯಗಳಲ್ಲಿ ಬಹಳ ವರ್ಷ ಹೋರಾಟ ನಡೆಯಿತು. ಕಂಪನಿಗಳು ರಾಜಿಯಾಗಿ ಕೊಟ್ಟ ಹಣ 43 ಕೋಟಿ ಆಸ್ಟ್ರೇಲಿಯನ್ ಡಾಲರ್ ದಾಟಿತು.

ಇಲ್ಲಿಗೆ ಮಾರ್ದನಿಯಿಂದ ಪಾರಾಗುವ ದಾರಿ ಸಿಕ್ಕಂತಾಯಿತು. ಅದನ್ನು ದುಡಿಸಿಕೊಳ್ಳುವ ದಾರಿ ಸಿಕ್ಕಿದ್ದು ಬೇರೊಂದು ಕಡೆ.

1971ರ ಡಿಸೆಂಬರ್ 9ರ ರಾತ್ರಿ, ಭಾರತ-ಪಾಕಿಸ್ತಾನ ಯುದ್ಧದ ನಡುವೆ, ದಿಯು ಕರಾವಳಿಯಾಚೆ ಐಎನ್‌ಎಸ್ ಖುಕ್ರಿ ಹಡಗನ್ನು ಪಾಕಿಸ್ತಾನದ ಸಬ್‌ಮರೀನ್ ಹಾಂಗೋರ್ ಹೊಡೆದು ಮುಳುಗಿಸಿತು. ಇನ್ನೂರರ ಸನಿಹ ನಾವಿಕರು ಹೋದರು. ನಮ್ಮ ಹಡಗುಗಳ ಸೋನಾರ್, ಅಂದರೆ ಧ್ವನಿಯಿಂದ ನೀರಿನೊಳಗಿನದನ್ನು ಪತ್ತೆಹಚ್ಚುವ ಸಾಧನ, ಸಾಲದು ಎಂಬ ಕಟು ಸತ್ಯ ನೌಕಾಪಡೆಯ ಮುಂದೆ ಬಂತು. ಅದನ್ನು ಸುಧಾರಿಸುವ ಕೆಲಸ ಬಿದ್ದದ್ದು ಆರೋಗ್ಯಸ್ವಾಮಿ ಪಾಲ್‌ರಾಜ್ ಎಂಬ ತರುಣ ಅಧಿಕಾರಿಯ ಮೇಲೆ. ಪೊಳ್ಳಾಚಿಯಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಸೇನಾ ಅಕಾಡೆಮಿ ಸೇರಿದವರು. ಬಿಇ ಪದವಿ ಇರಲಿಲ್ಲ. ಆದರೂ ಅವರ ಗಣಿತದ ಹಿಡಿತ ನೋಡಿದ ಪ್ರೊಫೆಸರ್ ಪಿ.ವಿ. ಇಂದಿರೇಶನ್ ಅವರ ಒತ್ತಾಸೆಯಿಂದ ಐಐಟಿ ದೆಹಲಿ ಅವರನ್ನು ನೇರ ಪಿಎಚ್‌ಡಿಗೆ ತೆಗೆದುಕೊಂಡಿತ್ತು. ನಿಯಮ ಪುಸ್ತಕ ಹಿಡಿದು ಕೂತಿದ್ದರೆ ಈ ಕತೆ ಅಲ್ಲಿಗೇ ನಿಲ್ಲುತ್ತಿತ್ತು.

ಹಳೆಯ ಬ್ರಿಟಿಷ್ ಸೋನಾರನ್ನು ತಿದ್ದಿ ಬಲಪಡಿಸಿದ ಮೇಲೆ ಪಾಲ್‌ರಾಜ್ ಕೊಚ್ಚಿಯ ನೌಕಾ ಪ್ರಯೋಗಾಲಯದಲ್ಲಿ ಆಪ್ಸೋ ಎಂಬ ಪೂರ್ತಿ ಸ್ವದೇಶಿ ಸೋನಾರ್ ಯೋಜನೆಯ ಮುಂದಾಳಾದರು. ತಯಾರಿಸಿದ್ದು ಬೆಂಗಳೂರಿನ ಬಿಇಎಲ್. 1983ರ ಹೊತ್ತಿಗೆ ಅದು ಹಡಗೇರಿತು. ಸಮುದ್ರದೊಳಗೆ ಧ್ವನಿ ಒಂದೇ ದಾರಿಯಲ್ಲಿ ಬರುವುದಿಲ್ಲ. ಮೇಲ್ಮೈಗೆ ಬಡಿದು, ತಳಕ್ಕೆ ಬಡಿದು, ನೀರಿನ ಬಿಸಿ-ತಂಪು ಪದರಗಳಲ್ಲಿ ಬಾಗಿ, ಹಲವು ದಾರಿಗಳಲ್ಲಿ ಬರುತ್ತದೆ. ಅನೇಕ ಕಿವಿಗಳನ್ನು ಸಾಲಾಗಿಟ್ಟು, ಅವು ಕೇಳಿದ್ದರ ಸೂಕ್ಷ್ಮ ವ್ಯತ್ಯಾಸದಿಂದ ಯಾವ ಸದ್ದು ಎಲ್ಲಿಂದ ಬಂತೆಂದು ಲೆಕ್ಕ ಹಾಕುವ ವಿದ್ಯೆಯಲ್ಲಿ ಪಾಲ್‌ರಾಜ್ ಪಳಗಿದ್ದು ಇಲ್ಲೇ. ಆಮೇಲೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪುಣೆ ಮೂಲದ ಥಾಮಸ್ ಕೈಲಾತ್ ಅವರೊಡನೆ ಮೂರು ವರ್ಷ ಸಂಶೋಧನೆ. 1986ರಲ್ಲಿ ಹಿಂದಿರುಗಿ ಬೆಂಗಳೂರಿಗೆ ಬಂದು ರಕ್ಷಣಾ ಇಲಾಖೆಯ ಕೃತಕ ಬುದ್ಧಿಮತ್ತೆ ಮತ್ತು ರೋಬೋಟಿಕ್ಸ್ ಕೇಂದ್ರವನ್ನು ಕಟ್ಟಿದರು. ಬಿಇಎಲ್‌ನ ಕೇಂದ್ರೀಯ ಸಂಶೋಧನಾ ಪ್ರಯೋಗಾಲಯವನ್ನು ಬೆಳೆಸಿದರು. ಕೊನೆಗೆ ನೌಕಾಪಡೆಯಿಂದ ಅವಧಿಗೆ ಮುನ್ನ ನಿವೃತ್ತಿ ಪಡೆದು ಮತ್ತೆ ಸ್ಟ್ಯಾನ್‌ಫರ್ಡ್ ಸೇರಿದರು. ವಯಸ್ಸು ನಲವತ್ತೇಳರ ಆಸುಪಾಸು. ಆ ವಯಸ್ಸಿನಲ್ಲಿ ಸಂಶೋಧಕನಾಗಿ ಹೊಸದಾಗಿ ಆರಂಭಿಸುವ ಧೈರ್ಯವನ್ನು ನಾನು ಗೌರವದಿಂದ ನೋಡುತ್ತೇನೆ.

ಅಲ್ಲಿ ಅವರಿಗೆ ಸಿಕ್ಕ ಕೆಲಸ ಸೇನೆಗೆ ಸಂಬಂಧಿಸಿದ್ದು: ವಿಮಾನದಿಂದ ಕೇಳಿಸಿಕೊಳ್ಳುವಾಗ ಒಂದೇ ಕಂಪನಾಂಕದಲ್ಲಿ ಮಾತಾಡುತ್ತಿರುವ ಬೇರೆಬೇರೆ ಪ್ರೇಷಕಗಳ ಸಿಗ್ನಲ್‌ಗಳನ್ನು ಬಿಡಿಸುವುದು. ಪ್ರೇಷಕಗಳು ದೂರದೂರ ಇದ್ದರೆ ಬೇರೆಬೇರೆ ದಿಕ್ಕಿನಿಂದ ಬರುವ ಅಲೆಗಳನ್ನು ಆ್ಯಂಟೆನಾ ಸಾಲು ಬಿಡಿಸಬಲ್ಲದು. ಹತ್ತಿರ ಹತ್ತಿರ ಇದ್ದರೆ ಆಗಬಾರದು; ಸಿದ್ಧಾಂತ ಹಾಗೆ ಹೇಳುತ್ತಿತ್ತು. ಆದರೆ ಪ್ರಯೋಗದಲ್ಲಿ, ಹತ್ತಿರ ತಂದಾಗಲೂ ಬಿಡಿಸಲು ಬರುತ್ತಿತ್ತು. ಎಲ್ಲೋ ಲೆಕ್ಕ ತಪ್ಪಿದೆ ಎಂದು ಬದಿಗಿಟ್ಟುಬಿಡಬಹುದಾಗಿತ್ತು. ಅವರು ಬಿಡಲಿಲ್ಲ. ಕಾರಣ ಹುಡುಕಿದಾಗ ಸಿಕ್ಕಿದ್ದು ಚೆದರಿಕೆ. ಪ್ರೇಷಕಗಳ ಸುತ್ತಲಿನ ವಸ್ತುಗಳಿಗೆ ಬಡಿದು ಅಲೆಗಳು ನಾನಾ ದಿಕ್ಕಿಗೆ ಹರಡುತ್ತಿದ್ದವು, ಪ್ರತಿ ಪ್ರೇಷಕದ ಅಲೆಗಳಿಗೂ ತನ್ನದೇ ಆದ ಒಂದು ಚಹರೆ ಬರುತ್ತಿತ್ತು. ಬೇರೆ ಎಂಜಿನಿಯರುಗಳೆಲ್ಲ ಶಪಿಸುತ್ತಿದ್ದ ಮಾರ್ದನಿಯೇ ಗುರುತು ಹಿಡಿಯಲು ನೆರವಾಗಿತ್ತು.

ಹಾಗಾದರೆ ಒಂದೇ ಯಂತ್ರದ ಎರಡು ಆ್ಯಂಟೆನಾಗಳಿಂದ, ಒಂದೇ ಕಂಪನಾಂಕದಲ್ಲಿ, ಒಂದೇ ಹೊತ್ತಿಗೆ ಬೇರೆಬೇರೆ ಮಾಹಿತಿ ಕಳಿಸಿದರೆ? ಆಚೆ ಎರಡು ಆ್ಯಂಟೆನಾಗಳಿದ್ದರೆ ಒಂದೊಂದಕ್ಕೂ ಎರಡೂ ಸಿಗ್ನಲ್‌ಗಳ ಮಿಶ್ರಣ ಕೇಳಿಸುತ್ತದೆ. ಎರಡು ಮಿಶ್ರಣ, ಎರಡು ಅಜ್ಞಾತ. ಹೈಸ್ಕೂಲಿನಲ್ಲಿ ಎಲ್ಲರೂ ಬಿಡಿಸಿದ ಎರಡು ಸಮೀಕರಣಗಳ ಲೆಕ್ಕವೇ ಇದು. ಸಮೀಕರಣಗಳು ಒಂದಕ್ಕಿಂತ ಒಂದು ಬೇರೆಯಾಗಿದ್ದರೆ ಉತ್ತರ ಸಿಗುತ್ತದೆ. ಎರಡೂ ಒಂದೇ ಆಗಿದ್ದರೆ ಸಿಗುವುದಿಲ್ಲ. ಬಯಲಿನಲ್ಲಿ, ಎದುರುಬದುರು ನಿಂತಾಗ, ಎರಡೂ ಆ್ಯಂಟೆನಾಗಳಿಗೆ ಹೆಚ್ಚುಕಡಿಮೆ ಒಂದೇ ಮಿಶ್ರಣ ಕೇಳುತ್ತದೆ, ಲೆಕ್ಕ ನಿಂತುಬಿಡುತ್ತದೆ. ಗೋಡೆ, ತಗಡು, ಕೊಳವೆಗಳ ನಡುವೆ ಅಲೆ ಚೆದರಿದಾಗ ಮಿಶ್ರಣಗಳು ಬೇರೆಯಾಗುತ್ತವೆ, ಲೆಕ್ಕ ಬಿಡುತ್ತದೆ. ಎರಡರ ಜಾಗದಲ್ಲಿ ಮೂರು, ನಾಲ್ಕು ಆ್ಯಂಟೆನಾ ಇಟ್ಟರೆ ಅಷ್ಟಷ್ಟು ಪಟ್ಟು ಮಾಹಿತಿ. ಹೊಸ ತರಂಗಾಂತರ ಬೇಡ.

1992ರಲ್ಲಿ ಪಾಲ್‌ರಾಜ್ ಮತ್ತು ಕೈಲಾತ್ ಪೇಟೆಂಟಿಗೆ ಅರ್ಜಿ ಹಾಕಿದರು. 1994ರ ಸೆಪ್ಟೆಂಬರಿನಲ್ಲಿ ಸಿಕ್ಕಿತು. ಇದಕ್ಕೆ ಮೈಮೋ ಎಂಬ ಹೆಸರು ನಿಂತಿತು. ಮೊದಮೊದಲು ಬಹಳ ಜನ ಸಂದೇಹಪಟ್ಟರು. ಒಂದೇ ಕಂಪನಾಂಕದಲ್ಲಿ ಎರಡು ಮಾತು ಎಂದರೆ ಗೊಂದಲ ಎಂದೇ ಅರ್ಥ ಎಂದು ಕಲಿತು ಬಂದ ಕಾಲ ಅದು. ಬೆಲ್ ಲ್ಯಾಬ್ಸ್‌ನ ಜೆರಾರ್ಡ್ ಫೊಶಿನಿ 1996ರಲ್ಲಿ ಸ್ವತಂತ್ರವಾಗಿ ಇದೇ ದಿಕ್ಕಿನಲ್ಲಿ ಸಿದ್ಧಾಂತ ಮಂಡಿಸಿದರು. ಎರಡು ವರ್ಷದ ಬಳಿಕ ಅವರ ಸಂಗಡಿಗರು ಪ್ರಯೋಗಾಲಯದಲ್ಲಿ ಮಾಡಿಯೂ ತೋರಿಸಿದರು. ಸ್ಟ್ಯಾನ್‌ಫರ್ಡ್‌ನಲ್ಲೇ ಓದಿದ ಗ್ರೆಗ್ ರೇಲಿ, ಮೈಮೋವನ್ನು ಹಲವು ಕಂಪನಾಂಕಗಳ ವಿಧಾನದ ಜೊತೆ ಬೆಸೆಯುವ ದಾರಿ ತೋರಿಸಿ, ಏರ್‌ಗೋ ಎಂಬ ಕಂಪನಿ ಕಟ್ಟಿ ವೈಫೈ ಚಿಪ್ಪುಗಳನ್ನು ಹೊರತಂದರು. ಪಾಲ್‌ರಾಜ್ 1998ರಲ್ಲಿ ಕಟ್ಟಿದ ಕಂಪನಿ ಮೊಬೈಲ್ ಮಾದರಿಯ ಜಾಲಕ್ಕೆ ಇದನ್ನು ಒಯ್ದಿತು; ಇಂಟೆಲ್ ಅದನ್ನು 2003ರಲ್ಲಿ ಕೊಂಡಿತು. 2014ರಲ್ಲಿ ಪಾಲ್‌ರಾಜ್ ಅವರಿಗೆ ಮಾರ್ಕೋನಿ ಪ್ರಶಸ್ತಿ ಬಂತು.

ಸಿಡ್ನಿಯ ಎಳೆಯೂ ಸ್ಟ್ಯಾನ್‌ಫರ್ಡ್‌ನ ಎಳೆಯೂ ಸೇರಿದ್ದು 802.11ಎನ್ ಮಾನಕದಲ್ಲಿ. 2003ರಲ್ಲಿ ಕೆಲಸ ಆರಂಭವಾಯಿತು. ಕಂಪನಿಗಳು ಎರಡು ಬಣಗಳಾಗಿ ಎಳೆದಾಡಿದವು, ಪೇಟೆಂಟಿನ ತಕರಾರು ಅದಕ್ಕೆ ಸೇರಿತು. ಅಂತಿಮ ಒಪ್ಪಿಗೆ ಸಿಕ್ಕಿದ್ದು 2009ರ ಸೆಪ್ಟೆಂಬರಿನಲ್ಲಿ. ಮಾರುಕಟ್ಟೆ ಅಷ್ಟು ಕಾಯಲಿಲ್ಲ. 2007ರಲ್ಲೇ ಕರಡು ಮಾನಕದ ಆಧಾರದ ಮೇಲೆ ಯಂತ್ರಗಳಿಗೆ ಪ್ರಮಾಣಪತ್ರ ಕೊಡಲು ಶುರುವಾಗಿತ್ತು. ಹೊಸ ಮಾನಕದ ಗರಿಷ್ಠ ವೇಗ 600 ಮೆಗಾಬಿಟ್, ಅದೂ ನಾಲ್ಕು ಆ್ಯಂಟೆನಾ ಜೋಡಿಗಳಿದ್ದರೆ.

ಗಟ್ಟಿ ಲ್ಯಾಪ್‌ಟಾಪ್ ಮಾಡುವವರಿಗೆ ಇಲ್ಲಿಂದ ಹೊಸ ಕೆಲಸ ಶುರುವಾಯಿತು. ಸಾಮಾನ್ಯ ಲ್ಯಾಪ್‌ಟಾಪ್‌ನ ಪ್ಲಾಸ್ಟಿಕ್ ಮೈಯಲ್ಲಿ ಆ್ಯಂಟೆನಾವನ್ನು ಎಲ್ಲಿ ಬೇಕಾದರೂ ಅಂಟಿಸಬಹುದು. ಮೆಗ್ನೀಸಿಯಂ ಪೆಟ್ಟಿಗೆಯಲ್ಲಿ ಅಲೆಗೆ ಬಾಗಿಲು ಮಾಡಬೇಕು. ಪರದೆಯ ಮೇಲಂಚಿನಲ್ಲಿ ಲೋಹವನ್ನು ಬಿಡಿಸಿ, ಪ್ಲಾಸ್ಟಿಕ್ ಹೊದಿಕೆಯಡಿ ಆ್ಯಂಟೆನಾ ಕೂರಿಸಬೇಕು. ಅವು ಒಂದೇ ಕಡೆ ಒತ್ತಿಕೊಂಡಿದ್ದರೆ ಎರಡಕ್ಕೂ ಒಂದೇ ಮಿಶ್ರಣ ಕೇಳುತ್ತದೆ. ಅರ್ಧ ತರಂಗದಷ್ಟಾದರೂ ಅಂತರವಿದ್ದರೆ ಒಳ್ಳೆಯದು, ಅಂದರೆ 2.4 ಗಿಗಾಹರ್ಟ್ಸ್‌ನಲ್ಲಿ ಸುಮಾರು 6 ಸೆಂಟಿಮೀಟರ್, 5 ಗಿಗಾಹರ್ಟ್ಸ್‌ನಲ್ಲಿ ಅದರ ಅರ್ಧ. ಪರದೆಯ ಅಂಚಿನಲ್ಲಿ ಅಷ್ಟು ಜಾಗ ಧಾರಾಳ. ಕಷ್ಟವಿರುವುದು ಕೀಲಿನಲ್ಲಿ. ಪ್ರತಿ ಆ್ಯಂಟೆನಾದಿಂದಲೂ ಒಂದು ತೆಳು ತಂತಿ ಕೀಲನ್ನು ಹಾದು ಕೆಳಗಿನ ವೈಫೈ ಕಾರ್ಡಿಗೆ ಇಳಿಯಬೇಕು, ಸಾವಿರಾರು ಸಲ ತೆರೆದು ಮುಚ್ಚಿದರೂ ತುಂಡಾಗಬಾರದು, ಆ ಸಂದಿಯಲ್ಲಿ ನೀರೂ ದೂಳೂ ನುಗ್ಗಬಾರದು. ಪೊಲೀಸ್ ವಾಹನಗಳಲ್ಲಿ ಲ್ಯಾಪ್‌ಟಾಪನ್ನು ಡಾಕ್‌ನಲ್ಲಿ ಕೂರಿಸಿದಾಗ ಅದರ ಸಿಗ್ನಲನ್ನು ವಾಹನದ ಮಾಡಿನ ಆ್ಯಂಟೆನಾಗೆ ದಾಟಿಸುವ ಸಂಪರ್ಕವೂ ಇರುತ್ತದೆ. ಮೊದಲು ಒಂದು ತಂತಿ ಸಾಕಾಗಿತ್ತು, ಮೈಮೋ ಪೂರ್ತಿ ಕೆಲಸ ಮಾಡಬೇಕಾದರೆ ಒಂದಕ್ಕಿಂತ ಹೆಚ್ಚು ಬೇಕು. ಇಂಥ ಯಂತ್ರದಲ್ಲಿ ಒಂದು ಬದಲಾವಣೆ ಮಾಡಿದರೆ ಬೀಳಿಸುವ, ನೆನೆಸುವ ಪರೀಕ್ಷೆಗಳನ್ನೂ ಮತ್ತೆ ಮಾಡಬೇಕಾಗುತ್ತದೆ. ಈ ಶ್ರಮ ಯಾವ ಜಾಹೀರಾತಿನಲ್ಲೂ ಕಾಣುವುದಿಲ್ಲ.

ಇಂದಿನ ಗಟ್ಟಿ ಲ್ಯಾಪ್‌ಟಾಪ್‌ಗಳ ವಿವರ ಪಟ್ಟಿಯಲ್ಲಿ ವೈಫೈ ಎದುರು ಮಾನಕದ ಹೆಸರಿನ ಜೊತೆ '2×2' ಎಂದು ಬರೆದಿರುತ್ತದೆ. ಕಳಿಸಲು ಎರಡು ಆ್ಯಂಟೆನಾ, ಕೇಳಲು ಎರಡು ಎಂದು ಅದರರ್ಥ. ಖರೀದಿಸುವವರು ಮಾನಕದ ಸಂಖ್ಯೆಗಷ್ಟೇ ಗಮನ ಕೊಟ್ಟು ಈ ಅಂಕಿಯನ್ನು ದಾಟಿ ಹೋಗುತ್ತಾರೆ. ಉಕ್ಕಿನ ಶೆಡ್ಡಿನಲ್ಲಿ ಕೆಲಸ ಮಾಡಬೇಕಾದವರು ಅದನ್ನು ಕೇಳಿಯೇ ಕೊಳ್ಳಬೇಕು, ಏಕೆಂದರೆ ಅಲ್ಲಿ ಎರಡು ಆ್ಯಂಟೆನಾಗಳೂ ಬೇರೆಬೇರೆ ಮಾಹಿತಿ ಹೊತ್ತು ಓಡಬಲ್ಲವು. ಅದೇ ಯಂತ್ರವನ್ನು ಮರುಭೂಮಿಯ ಬಯಲಿಗೆ ಒಯ್ದರೆ ಚೆದರಿಸುವ ವಸ್ತುಗಳೇ ಇರುವುದಿಲ್ಲ. ಆಗ ಕಾರ್ಡು ತಾನಾಗಿಯೇ ಅದನ್ನರಿತು, ವೇಗದ ಆಸೆ ಬಿಟ್ಟು, ಎರಡೂ ಆ್ಯಂಟೆನಾಗಳನ್ನು ಒಂದೇ ಮಾಹಿತಿಯನ್ನು ಖಚಿತವಾಗಿ ತಲುಪಿಸುವ ಕೆಲಸಕ್ಕೆ ಹಚ್ಚುತ್ತದೆ.